ಓದಿದವರಿಗೆ ತೆರೆಯ ಮೇಲೆ ಹಕ್ಕಿಲ್ಲವೇ?

ನೊಣವಿನಕೆರೆಯ ಹೋಟಲೊಂದರಲ್ಲಿ ಮೊನ್ನೆ ಒಂದು ವಾದ ಎದ್ದಿತು. ಕೊಬ್ಬರಿ ವ್ಯಾಪಾರದವರೊಬ್ಬರು, ಎಣ್ಣೆ ಗಿರಣಿಯ ಇಬ್ಬರು ಹುಡುಗರು ಮತ್ತು ನಾನು. ಧಾರಣೆಯ ಮಾತು ಮುಗಿದಿತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಚಲನಚಿತ್ರವಾಗಬೇಕೇ ಬೇಡವೇ ಎಂಬುದು ವಾದ.

“ಆಗಲೇಬೇಕು ಮೇಷ್ಟ್ರೇ, ಓದಕ್ಕೆ ಬರದ ನಮ್ಮಪ್ಪನೂ ನೋಡಲಿ” ಎಂದ ಒಬ್ಬ ಹುಡುಗ. ಇನ್ನೊಬ್ಬ, “ಬೇಡವೇ ಬೇಡ, ಮಂದಣ್ಣನಿಗೆ ಕಪ್ಪು ಕನ್ನಡಕ ಹಾಕಿ ಕುಣಿಸ್ತಾರೆ” ಎಂದು ಕೈಮುಗಿದ. ವ್ಯಾಪಾರದವರು ನಕ್ಕು, “ಹಾಕಿದ ದುಡ್ಡು ಹುಟ್ಟಬೇಕಲ್ಲಪ್ಪ, ಕುಣಿಸದೆ ಏನು ಮಾಡ್ತಾರೆ?” ಎಂದರು.

ಮೂವರ ಮಾತೂ ಸುಳ್ಳಲ್ಲ. 1980ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಊರವರು ಲೆಕ್ಕಕ್ಕೇ ಇಡದ ಮಂದಣ್ಣನೊಳಗೆ ಕಾಡನ್ನು ಬಲ್ಲ ಜಾಣನೊಬ್ಬನಿದ್ದಾನೆಂದು ವಿಜ್ಞಾನಿಯೊಬ್ಬರು ಗುರುತಿಸುತ್ತಾರೆ. ಹಾರುವ ಓತಿಯೊಂದನ್ನು ಹುಡುಕಿಕೊಂಡು ಎಲ್ಲರೂ ಕಾಡು ಹೊಗುತ್ತಾರೆ. ಚಂದಮಾಮದ ಕಥೆಗಾದರೆ ರಾಜನ ಮೀಸೆ ಹೇಗಿರಬೇಕೆಂದು ಚಿತ್ರಕಾರನೇ ಬರೆದು ಕೊಡುತ್ತಿದ್ದ. ಮಂದಣ್ಣನ ಮುಖವನ್ನು ಮಾತ್ರ ಓದಿದ ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ತಾನೇ ಬರೆದುಕೊಂಡಿದ್ದಾನೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಕೆಲವು ಪುಟಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಮಂದಣ್ಣ ಹೇಗಿದ್ದಾನೆ ಎಂದು ಕೇಳಿದೆ. ಒಬ್ಬೊಬ್ಬ ಹುಡುಗನೂ ತನ್ನ ಕೇರಿಯ ಒಬ್ಬೊಬ್ಬನ ಹೆಸರು ಹೇಳಿದ! ಇಂಥ ನೂರು ಮುಖಗಳ ಜಾಗದಲ್ಲಿ ಒಬ್ಬ ನಟನ ಮುಖವನ್ನು ತಂದು ನಿಲ್ಲಿಸುವಾಗ ಓದುಗನ ಎದೆ ಅಳುಕುವುದು ಸಹಜ.

ಅಳುಕಿಗೆ ಹಿಂದಿನ ನಿದರ್ಶನವೂ ಇದೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ‘ನಾಗರಹಾವು’ ತೆಗೆದರು. ನಾಡೆಲ್ಲ ಮುಗಿಬಿದ್ದು ನೋಡಿತು. ಬರೆದವರು ಮಾತ್ರ ತಮ್ಮ ನಾಗರಹಾವು ಕೇರೆಹಾವಾಯಿತೆಂದು ಬೇಸರಪಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ತ.ರಾ.ಸು. ಅವರ ನೋವು ನ್ಯಾಯವಾದದ್ದೇ. ಆದರೂ ನಿಜ ಹೇಳಿಬಿಡುತ್ತೇನೆ, ಆ ಚಿತ್ರ ನನಗೆ ಇಷ್ಟ. ಅಶ್ವತ್ಥರ ಚಾಮಯ್ಯ ಮೇಷ್ಟ್ರನ್ನು ಕಂಡಾಗಲೆಲ್ಲ ಗಂಟಲು ಕಟ್ಟುತ್ತದೆ. ಮೇಷ್ಟ್ರಾಗಿದ್ದವನ ಪಕ್ಷಪಾತ ಎನ್ನಿ!

ನಮ್ಮ ಜಿಲ್ಲೆಯ ಕಥೆ ಬೇರೆ. ಗುಬ್ಬಿ ಕಂಪನಿಯವರು ಊರೂರಿನಲ್ಲಿ ಆಡಿ ಹೆಸರು ಮಾಡಿದ್ದ ‘ಬೇಡರ ಕಣ್ಣಪ್ಪ’ 1954ರಲ್ಲಿ ಬೋಲುಪಟವಾಯಿತು. ರಂಗದಿಂದ ಬಂದ ರಾಜ್‌ಕುಮಾರರು ನಾಯಕ. ನಮ್ಮ ತಿಪಟೂರಿನ ನರಸಿಂಹರಾಜು ಹಾಸ್ಯಕ್ಕೆ. ನಾಟಕವನ್ನು ಹೊತ್ತು ತಿರುಗಿದ ಜನರೇ ತೆರೆಗೂ ಹೊತ್ತು ತಂದರು. ಯಾವ ಮಾತಿಗೆ ಜನ ಶಿಳ್ಳೆ ಹಾಕುತ್ತಾರೆ, ಎಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೇಜಸ್ವಿಯವರ ವಿಷಯಕ್ಕೇ ಬರೋಣ. ಅವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಸಂಕಲನದಿಂದ ನಾಲ್ಕು ಚಿತ್ರಗಳು ಹುಟ್ಟಿವೆ. 1973ರಲ್ಲಿ ಎನ್. ಲಕ್ಷ್ಮೀನಾರಾಯಣರು ಮೊದಲ ಕಥೆಯನ್ನೇ ತೆಗೆದರು. 1986ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ ಬಂದಿತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಸವೆದುಹೋಗುವ ಬಡ ನೌಕರ ತಬರ. ಆ ಪಾತ್ರಕ್ಕೆ ತಮಿಳಿನ ಚಾರುಹಾಸನ್! ಕನ್ನಡದ ಮಣ್ಣಿನ ತಬರನಿಗೆ ಹೊರಗಿನವರೇ ಎಂದು ಯಾರಾದರೂ ಹುಬ್ಬೇರಿಸಿದ್ದರೆ ತಪ್ಪಲ್ಲ. ಚಿತ್ರಕ್ಕೂ ನಟನಿಗೂ ರಾಷ್ಟ್ರಪ್ರಶಸ್ತಿ ಬಂದವು. ಪ್ರಶಸ್ತಿಯ ಮಾತು ಬಿಡಿ. ಭವಿಷ್ಯನಿಧಿಗಾಗಿ, ವೃದ್ಧಾಪ್ಯವೇತನಕ್ಕಾಗಿ ಅರ್ಜಿ ಹಿಡಿದು ನಿಂತವರಿಗೆ ಆ ಮುಖ ಇಂದಿಗೂ ಪರಿಚಯದ್ದು. ಹಾಡು ಕುಣಿತಕ್ಕೆ ಅಲ್ಲಿ ಜಾಗವೇ ಬೇಕಾಗಲಿಲ್ಲ.

ನಾಲ್ಕರಲ್ಲಿ ಕೊನೆಯದು 2023ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ಡೇರ್‌ಡೆವಿಲ್ ಮುಸ್ತಾಫಾ’. ಹಿಂದೂ ಹುಡುಗರೇ ತುಂಬಿರುವ ಅಬಚೂರಿನ ಕಾಲೇಜಿಗೆ ಒಬ್ಬ ಮುಸಲ್ಮಾನ ಹುಡುಗ ಬಂದು ಸೇರಿದಾಗ ಏಳುವ ಕುತೂಹಲ, ಅನುಮಾನ, ತುಂಟಾಟ ಅದರ ವಸ್ತು. ಶಶಾಂಕ್ ಸೋಗಾಲ್ ಎಂಬ ತರುಣರು ನಿರ್ದೇಶಿಸಿದರು. ಆದರೆ ನಮ್ಮ ವ್ಯಾಪಾರಸ್ಥ ಬಂಧುಗಳು ಗಮನಿಸಬೇಕಾದದ್ದು ಅದರ ಬಂಡವಾಳವನ್ನು. ಸುಮಾರು ನೂರು ಮಂದಿ ತೇಜಸ್ವಿ ಓದುಗರು ಕೈಯಿಂದ ಹಣ ಹಾಕಿ ಆ ಚಿತ್ರವನ್ನು ಮಾಡಿಸಿದರು. ಪಾಲುಗಾರರೆಲ್ಲ ಕಥೆಯನ್ನು ಓದಿದವರು. ಯಾವುದನ್ನು ಮುಟ್ಟಬಾರದೆಂದು ಅವರಿಗೆ ಗೊತ್ತು. ಸಣ್ಣ ಕಥೆಯನ್ನು ಎರಡು ಗಂಟೆಗೂ ಮೀರಿದ ಚಿತ್ರವಾಗಿ ಹಿಗ್ಗಿಸುವಾಗ ಸೇರಿಸಿದ್ದು ಬೇಕಾದಷ್ಟಿದೆ; ಕೆಲವೆಡೆ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ಕಥೆಯ ಜೀವ ಮಾತ್ರ ಉಳಿದಿದೆ. ಧರ್ಮದ ಹೆಸರಿನಲ್ಲಿ ಹುಡುಗರನ್ನು ಎತ್ತಿಕಟ್ಟುವವರಿರುವ ಕಾಲದಲ್ಲಿ ಅದನ್ನು ನಗುನಗುತ್ತಲೇ ಹೇಳಿದ್ದು ಸಣ್ಣ ಮಾತಲ್ಲ.

ಆದ್ದರಿಂದ ಹೋಟಲಿನ ವ್ಯಾಪಾರದವರಿಗೆ ನನ್ನ ಉತ್ತರವಿದು: ದುಡ್ಡು ಹುಟ್ಟಬೇಕು, ಒಪ್ಪಿದೆ, ಆದರೆ ಆ ದುಡ್ಡು ಯಾರದು ಎಂಬುದರ ಮೇಲೆ ಮಂದಣ್ಣ ಕುಣಿಯುತ್ತಾನೋ ಇಲ್ಲವೋ ನಿಂತಿದೆ. ಅಟ್ಟದ ಮೇಲೆ ವರ್ಷಗಟ್ಟಲೆ ತಾನಾಗಿ ಒಣಗಿದ ಗಿಟಕಿಗೂ, ಅವಸರಕ್ಕೆ ಒಡೆದು ಒಣಗಿಸಿದ್ದಕ್ಕೂ ಇರುವ ಅಂತರವನ್ನು ನಮ್ಮ ಸೀಮೆಯವರಿಗೆ ನಾನು ಹೇಳಬೇಕೇ? ಬಡ್ಡಿ ಏರುತ್ತಿರುವ ಸಾಲದವನಿಗೆ ಅಟ್ಟದಲ್ಲಿ ಕಾಯುವ ತಾಳ್ಮೆ ಇರುವುದಿಲ್ಲ.

ಇನ್ನೊಂದು ಮಾತು. ಓದಲು ಬಾರದ ಅಪ್ಪನಿಗಾಗಿ ಚಿತ್ರ ಬೇಕೆಂದ ಹುಡುಗನದೇ ನನಗೆ ಎಲ್ಲಕ್ಕಿಂತ ದೊಡ್ಡ ವಾದ. ಆ ಅಪ್ಪ ಅದನ್ನು ನೋಡುವುದೆಲ್ಲಿ? ಡೇರೆಯ ಟೂರಿಂಗ್ ಟಾಕೀಸುಗಳು ಹೋದವು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿನ ದರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ನಿಯಮ ಮಾಡಿತು. ಅದೇ ತಿಂಗಳಲ್ಲಿ ಹೈಕೋರ್ಟಿನಿಂದ ಮಧ್ಯಂತರ ತಡೆಯೂ ಬಂದಿತು. 200ರಂತೆಯೇ ಹಿಡಿದರೂ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 800 ರೂಪಾಯಿ. ಬಸ್ಸಿನ ಖರ್ಚು ಬೇರೆ. ಗಿರಣಿಯಲ್ಲಿ ಮೂಟೆ ಹೊರುವವನು ಒಂದು ದಿನದ ಕೂಲಿಯನ್ನು ಸುರಿದು ಮಂದಣ್ಣನನ್ನು ನೋಡಬೇಕೇ? ಓದುಗರು ಕೂಡಿ ಚಿತ್ರ ತೆಗೆಯಬಲ್ಲರಾದರೆ, ಊರಿನ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ಹತ್ತಿಪ್ಪತ್ತು ರೂಪಾಯಿಗೆ ತೋರಿಸುವುದಕ್ಕೂ ದಾರಿ ಹುಡುಕಬೇಕು. ಇದನ್ನು ಮುಂದೆ ‘ಕರ್ವಾಲೊ’ಗೆ ಕೈಹಾಕುವವರು ಯಾರೇ ಆಗಲಿ, ಮೊದಲೇ ಯೋಚಿಸಿಕೊಳ್ಳಲಿ.

ಎದ್ದು ಹೊರಡುವಾಗ ವ್ಯಾಪಾರದವರು, “ಅಲ್ಲ ಮೇಷ್ಟ್ರೇ, ಆ ಓತಿ ಕೊನೆಗೆ ಸಿಗ್ತದೋ ಇಲ್ಲವೋ?” ಎಂದು ಕೇಳಿದರು. ಅವರು ಪುಸ್ತಕ ಓದಿರಲಿಲ್ಲ. ಗಿರಣಿಯ ಹುಡುಗರಿಬ್ಬರೂ ಒಟ್ಟಿಗೇ, “ಹೇಳಬೇಡಿ ಸಾರ್!” ಎಂದು ಕೂಗಿದರು. ನನ್ನ ಚೀಲದಲ್ಲಿದ್ದ ಪ್ರತಿಯನ್ನು ಅವರ ಕೈಗೆ ಕೊಟ್ಟು ಬಂದಿದ್ದೇನೆ.