ಡಿಸ್ಕ್ ನಿಲ್ತಿಲ್ಲ ಅಂತ ಕೇಬಲ್ ಕೀಳೋ ಮೊದಲು

ನಮ್ಮ ಹಾಸ್ಟೆಲ್‌ಗಳಲ್ಲಿ ಎರಡು ರೂಮಿಗೆ ಒಂದಾದರೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಗುತ್ತೆ. ಸೀನಿಯರ್‌ಗಳಿಂದ ಬಂದ ಹಳೇ ಪ್ರಶ್ನೆಪತ್ರಿಕೆ, ಸಿನಿಮಾ, ಫೆಸ್ಟ್ ಫೋಟೋ, ಫೈನಲ್ ಇಯರ್ ಪ್ರಾಜೆಕ್ಟಿನ ಕೋಡು, ರಿಪೋರ್ಟು ಎಲ್ಲವೂ ಅದರೊಳಗೇ. ಆ ಡಿಸ್ಕಿನ ಬಗ್ಗೆ ಆಗಾಗ ಕೇಳಿಬರುವ ದೂರು ಒಂದಿದೆ: "ಏನೂ ಕಾಪಿ ಮಾಡ್ತಿಲ್ಲ ಕಣೋ, ಆದ್ರೂ ಇದು ಗುಂಯ್ ಅಂತ ತಿರುಗ್ತಾನೇ ಇದೆ." ಪಕ್ಕದವನ ಪರಿಹಾರ ಸಿದ್ಧವಾಗಿರುತ್ತೆ: "ಕಿತ್ತುಬಿಡು, ಏನೂ ಆಗಲ್ಲ." ಇನ್ನೊಬ್ಬ "ಫಾರ್ಮ್ಯಾಟ್ ಮಾಡು" ಅಂತಾನೆ. ಮೂರನೆಯವನ ಪ್ರಕಾರ ಡಿಸ್ಕ್ ಹೋಯ್ತು, ಹೊಸದು ತಗೋಬೇಕು.

ಈ ಮೂರೂ ಸಲಹೆ ತಪ್ಪು ಅನ್ನೋದು ನನ್ನ ವಾದ. ತಿರುಗೋದು ನಿಲ್ಲಿಸದ ಡಿಸ್ಕ್ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಒಂದೋ ಯಾವುದೋ ಪ್ರೋಗ್ರಾಂ ಅದನ್ನು ಪದೇ ಪದೇ ಎಬ್ಬಿಸ್ತಿರುತ್ತೆ, ಇಲ್ಲವೋ "ನಿಲ್ಲು" ಅನ್ನೋ ಆದೇಶ ಅದಕ್ಕೆ ತಲುಪಿರೋದೇ ಇಲ್ಲ. ಇವೆರಡರಲ್ಲಿ ಯಾವುದು ಅಂತ ಕಂಡುಹಿಡಿಯೋಕೆ ಹತ್ತು ನಿಮಿಷ ಸಾಕು. ಅಷ್ಟನ್ನೂ ಮಾಡದೆ ಫಾರ್ಮ್ಯಾಟ್ ಒತ್ತೋದು, ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಮೊದಲು ಒಳಗಿನ ಲೆಕ್ಕ ನೋಡೋಣ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಹಾರ್ಡ್ ಡಿಸ್ಕ್ ಎಷ್ಟು ಹೊತ್ತಿನ ನಂತರ ಆಫ್ ಆಗಬೇಕು ಅನ್ನೋ ಸೆಟ್ಟಿಂಗ್ ಇದೆ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿದ್ದಾಗ ಅದು ಸಾಮಾನ್ಯವಾಗಿ 20 ನಿಮಿಷ. ಆದರೆ ಆ 20 ನಿಮಿಷ ಡಿಸ್ಕಿಗೆ ಒಂದೇ ಒಂದು ಕೋರಿಕೆಯೂ ಹೋಗಬಾರದು. 19ನೇ ನಿಮಿಷದಲ್ಲಿ ಯಾರಾದರೂ ಒಂದು ಚಿಕ್ಕ ಫೈಲ್ ಓದಿದರೂ ಎಣಿಕೆ ಮತ್ತೆ ಸೊನ್ನೆಯಿಂದ ಶುರು.

ಹೀಗೆ ಎಬ್ಬಿಸುವವರ ಪಟ್ಟಿ ದೊಡ್ಡದು. ಸರ್ಚ್ ಇಂಡೆಕ್ಸಿಂಗ್, ಆಂಟಿವೈರಸ್, ಕ್ಲೌಡ್ ಸಿಂಕ್, ಹಿಂದೆ ಸದ್ದಿಲ್ಲದೆ ಸೀಡ್ ಮಾಡುತ್ತಿರುವ ಟೊರೆಂಟ್. ಮ್ಯಾಕ್‌ನಲ್ಲಿ ಸ್ಪಾಟ್‌ಲೈಟ್, ಟೈಮ್ ಮಷೀನ್. ಊಹೆ ಬೇಡ, ಕಣ್ಣಾರೆ ನೋಡಬಹುದು. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬಿಗೆ ಹೋದರೆ ಯಾವ ಪ್ರೋಸೆಸ್ ಯಾವ ಫೈಲನ್ನು ಮುಟ್ಟುತ್ತಿದೆ ಅಂತ ಡ್ರೈವ್ ಅಕ್ಷರದ ಸಮೇತ ಕಾಣುತ್ತೆ. ಲಿನಕ್ಸ್‌ನಲ್ಲಿ ಐಓಟಾಪ್ ಮತ್ತು ಎಲ್‌ಎಸ್‌ಓಎಫ್ ಇವೆ. ಅಪರಾಧಿ ಸಿಕ್ಕಿದರೆ ಅದೊಂದನ್ನು ಮಾತ್ರ ನಿಲ್ಲಿಸಿ. ಇಂಡೆಕ್ಸಿಂಗ್ ಆದರೆ ಆ ಡ್ರೈವನ್ನು ಪಟ್ಟಿಯಿಂದ ತೆಗೆದರೆ ಸಾಕು. ಆಂಟಿವೈರಸ್ಸನ್ನೇ ಆಫ್ ಮಾಡಿಬಿಡುವ ಸಾಹಸ ಬೇಡ.

ಯಾರೂ ಮುಟ್ಟುತ್ತಿಲ್ಲ, ಆದರೂ ತಿರುಗುತ್ತಿದೆಯಾ? ಆಗ ಅನುಮಾನ ಪೆಟ್ಟಿಗೆಯೊಳಗಿನ ಬ್ರಿಡ್ಜ್ ಚಿಪ್ ಮೇಲೆ. ಕಂಪ್ಯೂಟರ್ ಯುಎಸ್‌ಬಿಯಲ್ಲಿ ಮಾತಾಡುತ್ತೆ, ಒಳಗಿನ ಡಿಸ್ಕಿಗೆ ಗೊತ್ತಿರೋದು ಎಟಿಎ ಆದೇಶಗಳು. ನಡುವೆ ದುಭಾಷಿಯ ಕೆಲಸ ಈ ಚಿಪ್ಪಿನದ್ದು. ಕೆಲವು ಚಿಪ್‌ಗಳು "ನಿಲ್ಲು" ಅನ್ನೋ ಆದೇಶವನ್ನು ದಾಟಿಸೋದೇ ಇಲ್ಲ. ಲಿನಕ್ಸ್ ಇದ್ದರೆ ಇದನ್ನು ಪರೀಕ್ಷಿಸೋದು ಸುಲಭ. ಡಿಸ್ಕನ್ನು ಅನ್‌ಮೌಂಟ್ ಮಾಡಿ, ಎಚ್‌ಡಿಪಾರ್ಮ್ ಕಮಾಂಡನ್ನು ಚಿಕ್ಕ ವೈ ಆಪ್ಷನ್ ಜೊತೆ ಓಡಿಸಿ. ಡಿಸ್ಕ್ ನಿಂತು ಹಾಗೇ ಇದ್ದರೆ ಡಿಸ್ಕೂ ಚಿಪ್ಪೂ ಸರಿಯಾಗಿವೆ. ನಿಂತು ಮತ್ತೆ ಎದ್ದರೆ ಇನ್ನೂ ಯಾರೋ ಕರೀತಿದ್ದಾರೆ. ನಿಲ್ಲಲೇ ಇಲ್ಲ ಅಂದ್ರೆ ಆದೇಶ ತಲುಪುತ್ತಿಲ್ಲ, ಅದಕ್ಕೆ ನೀವು ಎಷ್ಟು ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ.

ಇಲ್ಲಿಂದ ಮುಂದೆ ಇನ್ನೊಂದು ಅತಿರೇಕ ಶುರುವಾಗುತ್ತೆ: ಒಂದು ನಿಮಿಷಕ್ಕೇ ಮಲಗಿಸಿಬಿಡೋಣ ಅನ್ನೋದು. ಅದೇ ಎಚ್‌ಡಿಪಾರ್ಮ್‌ನ ದೊಡ್ಡ ಎಸ್ ಆಪ್ಷನ್‌ನಲ್ಲಿ 240ರವರೆಗಿನ ಅಂಕಿಗಳನ್ನು 5 ಸೆಕೆಂಡಿನಿಂದ ಗುಣಿಸಬೇಕು. ಹತ್ತು ನಿಮಿಷ ಬೇಕು ಅಂತ 10 ಕೊಟ್ಟರೆ ಸಿಗೋದು 50 ಸೆಕೆಂಡ್. ಬೇಕಾದದ್ದು 120. ಡಿಸ್ಕ್ ಮಲಗಿದಾಗೆಲ್ಲ ಅದರ ಹೆಡ್‌ಗಳು ಪಕ್ಕಕ್ಕೆ ಸರಿದು ಪಾರ್ಕ್ ಆಗುತ್ತವೆ, ಎದ್ದಾಗ ಮರಳುತ್ತವೆ. 2.5 ಇಂಚಿನ ಹಲವು ಡಿಸ್ಕ್‌ಗಳ ಡೇಟಾಶೀಟಿನಲ್ಲಿ ಇದಕ್ಕೆ 6 ಲಕ್ಷ ಸಲದ ಮಿತಿ ಇರುತ್ತೆ. ದೊಡ್ಡ ಅಂಕಿ ಅನಿಸಬಹುದು. ಆದರೆ ನಿಮಿಷಕ್ಕೊಮ್ಮೆ ಮಲಗಿ ಏಳುವ ಡಿಸ್ಕ್ ದಿನಕ್ಕೆ 10 ಗಂಟೆ ಓಡಿದರೆ 600 ಸಲ ಆಯ್ತು, 1000 ದಿನಕ್ಕೆ ಮಿತಿ ಮುಗೀತು. ಮೂರು ವರ್ಷಕ್ಕೂ ಕಡಿಮೆ! ಪ್ರತಿ ಸಲ ಮೋಟಾರ್ ನಿಂತಲ್ಲಿಂದ ವೇಗ ಹಿಡಿಯಬೇಕಾದ ಶ್ರಮ ಬೇರೆ. ಸ್ಮಾರ್ಟ್ ವಿವರಗಳಲ್ಲಿ 193ನೇ ಸಾಲು ಈ ಎಣಿಕೆಯನ್ನೇ ತೋರಿಸೋದು. ಒಮ್ಮೆ ತೆಗೆದು ನೋಡಿ.

"ಹಾಗಾದ್ರೆ ಸುಮ್ಮನೆ ತಿರುಗೋಕೆ ಬಿಡಬೇಕಾ? ಬ್ಯಾಟರಿ ಖಾಲಿಯಾಗುತ್ತಲ್ಲ?" ನ್ಯಾಯವಾದ ಪ್ರಶ್ನೆ. ಸುಮ್ಮನೆ ತಿರುಗುವ ಪೋರ್ಟಬಲ್ ಡಿಸ್ಕಿಗೆ 2 ವ್ಯಾಟ್ ಅಂತ ಇಟ್ಟುಕೊಂಡರೂ 4 ಗಂಟೆಗೆ 8 ವ್ಯಾಟ್-ಅವರ್. 40 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಅದು ಐದನೇ ಒಂದು ಪಾಲು, ಕಡಿಮೆಯೇನಲ್ಲ. ಆದರೆ ಬ್ಯಾಟರಿಯಲ್ಲಿ ಕೆಲಸ ಮಾಡುವಾಗ ಬೇಡದ ಡಿಸ್ಕನ್ನು ಮಲಗಿಸೋಕೆ ಒದ್ದಾಡೋದಕ್ಕಿಂತ ಇಜೆಕ್ಟ್ ಮಾಡಿ ತೆಗೆದಿಡೋದು ಸರಿ. ಚಾರ್ಜರ್‌ನಲ್ಲಿದ್ದಾಗ 10ರಿಂದ 20 ನಿಮಿಷದ ಟೈಮರ್ ಸಾಕು. ಮಧ್ಯೆ ಮಧ್ಯೆ ಬಳಸ್ತಾನೇ ಇದ್ದರೆ ತಿರುಗಲಿ ಬಿಡಿ.

ಕೊನೆಗೆ ಆ "ಕಿತ್ತುಬಿಡು" ಸಲಹೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಕ್ವಿಕ್ ರಿಮೂವಲ್ ಡೀಫಾಲ್ಟ್ ಆಗಿದೆ ಅಂತ ಇದನ್ನು ಸಮರ್ಥಿಸುವವರಿದ್ದಾರೆ. ನಿಜ, ಆದರೆ ಆ ಕ್ಷಣದಲ್ಲಿ ಬರೆಯುತ್ತಿರುವ ಫೈಲನ್ನು ಅದು ಉಳಿಸಲ್ಲ. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲಿಂಗ್ ಇಲ್ಲ. ಎನ್‌ಟಿಎಫ್‌ಎಸ್‌ನ ಜರ್ನಲ್ ಫೈಲ್ ಸಿಸ್ಟಮ್ಮಿನ ರಚನೆಯನ್ನು ಕಾಪಾಡುತ್ತೆ, ನಿಮ್ಮ ರಿಪೋರ್ಟಿನೊಳಗಿನ ಅಕ್ಷರಗಳನ್ನಲ್ಲ. ಕರೆಂಟ್ ಹಠಾತ್ತನೆ ಹೋದಾಗ ಡಿಸ್ಕ್ ಇನ್ನೂ ತಿರುಗುತ್ತಿರುವ ತಟ್ಟೆಗಳಿಂದಲೇ ಒಂದಿಷ್ಟು ವಿದ್ಯುತ್ ಪಡೆದು ಹೆಡ್‌ಗಳನ್ನು ತುರ್ತಾಗಿ ಪಾರ್ಕ್ ಮಾಡುತ್ತೆ. ಅದು ಆಪತ್ತಿಗೆ ಅಂತ ಇಟ್ಟ ವ್ಯವಸ್ಥೆ, ದಿನಾ ಬಳಸೋಕಲ್ಲ. ಇಜೆಕ್ಟ್ ಮಾಡೋಕೆ ಹೋದಾಗ "ಬಳಕೆಯಲ್ಲಿದೆ" ಅಂತ ವಿಂಡೋಸ್ ತಡೆದರೆ ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗಿನಲ್ಲಿ 225ನೇ ನಂಬರಿನ ದಾಖಲೆ ಹುಡುಕಿ. ತಡೆದ ಪ್ರೋಗ್ರಾಮಿನ ಹೆಸರು ಅಲ್ಲೇ ಇರುತ್ತೆ.

ಓಎಸ್ ಪೇಪರಿನಲ್ಲಿ ಡಿಸ್ಕ್ ಶೆಡ್ಯೂಲಿಂಗ್ ಬಂದರೆ ಎಫ್‌ಸಿಎಫ್‌ಎಸ್, ಸ್ಕ್ಯಾನ್ ಅಂತ ಹೆಡ್ ಎಷ್ಟು ಸಿಲಿಂಡರ್ ಓಡಾಡಿತು ಲೆಕ್ಕ ಹಾಕಿ ಮಾರ್ಕ್ಸ್ ತಗೋತೀವಿ. ಅದೇ ಹೆಡ್ ನಮ್ಮ ಮೇಜಿನ ಮೇಲೆ ಯಾಕೆ ಓಡಾಡ್ತಿದೆ ಅಂತ ನೋಡೋಕೆ ನಮಗೆ ಪುರುಸೊತ್ತಿಲ್ಲ. ಸಬ್‌ಮಿಷನ್ ವಾರ ಬರುವ ಮುಂಚೆ ಒಂದು ಸಂಜೆ ರಿಸೋರ್ಸ್ ಮಾನಿಟರ್ ತೆರೆದು ಕೂತ್ಕೊಳ್ಳಿ. ಹಾಗೇ ಆ ಪ್ರಾಜೆಕ್ಟ್ ಫೋಲ್ಡರಿನ ಇನ್ನೊಂದು ಕಾಪಿಯನ್ನು ಬೇರೆ ಕಡೆ ಹಾಕಿಡಿ. ಯಾಕಂದ್ರೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಡಿಸ್ಕ್ ಒಂದು ದಿನ ತಾನಾಗೇ ನಿಲ್ಲುತ್ತೆ, ಆವತ್ತು ಅದನ್ನು ಎಬ್ಬಿಸೋ ಸೆಟ್ಟಿಂಗ್ ಯಾವುದೂ ಇಲ್ಲ.