ಹೊಲದ ಬ್ಯಾಟರಿ: ಬೆಳಕು ಎಷ್ಟು ಅಂತಲ್ಲ, ಎಂಥಾದ್ದು ಅಂತ ನೋಡ್ರಿ

ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದರೆ ನೀರು ಹಾಯಿಸಲಿಕ್ಕೂ ರಾತ್ರಿನೇ ಹೋಗಬೇಕು. ಚಿಕ್ಕನರಗುಂದದ ನಮ್ಮ ಎರಿ ಹೊಲಕ್ಕೆ ಹೋದ ವರ್ಷ ಹಂಗೇ ಹೋಗಿದ್ದೆ. ಕೈಯಾಗ ಹೊಸ ಬ್ಯಾಟರಿ, ಕಣ್ಣು ಕುಕ್ಕುವಂಥ ಬೆಳಕು. ಬದುವಿನ ಮೇಲೆ ಗೋವಿನಜೋಳದ ಒಣ ರವದಿ ಬಿದ್ದಿತ್ತು. ದಾಟಬೇಕಂತ ಕಾಲೆತ್ತಿದೆ, ರವದಿ ಬುಸುಗುಟ್ಟಿತು. ಕೊಳಕುಮಂಡಲ! ಅದರ ಮೇಲೆ ನೇರವಾಗಿಯೇ ಬೆಳಕು ಬಿಟ್ಟಿದ್ದೆ, ಆದರೂ ಕಂಡಿರಲಿಲ್ಲ. ಕಂದು ಹಾವು, ಕಂದು ರವದಿ ಎರಡೂ ಒಂದೇ ಬೂದಿ ಬಣ್ಣ ಆಗಿದ್ದವು.

ಅವತ್ತಿನಿಂದ ನನ್ನ ಮಾತು ಒಂದೇ: ವಾಟ್ ನೋಡಿ, ಕಿಲೋಮೀಟರ್ ದೂರ ಬೀಳ್ತದ ಅನ್ನೋದು ನೋಡಿ ಬ್ಯಾಟರಿ ಕೊಳ್ಳಬ್ಯಾಡ್ರಿ. ಬೆಳಕಿನ ಬಣ್ಣ ನೋಡ್ರಿ.

ಬಿಳಿ ಎಲ್‌ಇಡಿ ಒಳಗೆ ಇರೋದು ನೀಲಿ ಬೆಳಕಿನ ಚಿಪ್. ಅದರ ಮೇಲಿನ ಹಳದಿ ಲೇಪನ ಆ ನೀಲಿಯನ್ನು ಬಿಳಿಯಾಗಿ ಕಾಣಿಸ್ತದ. ಅಗ್ಗದ ಬ್ಯಾಟರಿಗಳಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಆದ್ದರಿಂದ ಕಂದು, ಕೆಂಪು, ನೇರಳೆ ಮಂಕಾಗ್ತಾವು. ಉಳ್ಳಾಗಡ್ಡಿ ಎಲೆಯ ನೇರಳೆ ಮಚ್ಚೆ ರೋಗ ಇಂಥ ಬೆಳಕಿನಾಗ ಬರೀ ಒಣಗಿದ ಕಲೆಯಂತೆ ಕಾಣಬಹುದು.

ಕೊಳ್ಳುವಾಗ ಎರಡು ಅಂಕಿ ಕೇಳ್ರಿ. ಒಂದು ಕೆಲ್ವಿನ್: 6500 ಅಂದರೆ ನೀಲಿ ಛಾಯೆ, 3000 ಅಂದರೆ ಹಳೇ ಗುಂಡು ಬಲ್ಬಿನ ಹಳದಿ. ಹೊಲಕ್ಕೆ ನನ್ನ ಆಯ್ಕೆ ಸುಮಾರು 4000. ಇನ್ನೊಂದು ಸಿಆರ್‌ಐ, ಅಂದರೆ ಬಣ್ಣ ಎಷ್ಟು ಖರೇ ಕಾಣ್ತದ ಅನ್ನೋದಕ್ಕೆ 100ರ ಮಟ್ಟದ ಅಂಕ. 90ರ ಮೇಲಿದ್ದರೆ ಚಲೋ. ಜೊತೆಗೆ ನೀಲಿ ಕಡಿಮೆ ಇದ್ದಷ್ಟು ಮುಖಕ್ಕೆ ಮುತ್ತುವ ಹುಳಗಳ ಕಾಟವೂ ಕಡಿಮೆ.

ಇದರಾಗ ನಷ್ಟ ಇಲ್ಲ ಅಂತಲ್ಲ. ಅದೇ ಕರೆಂಟಿಗೆ ಹೆಚ್ಚು ಸಿಆರ್‌ಐ ಎಲ್‌ಇಡಿ ಸ್ವಲ್ಪ ಕಡಿಮೆ ಬೆಳಕು ಕೊಡ್ತದ. ದೂರದ ಹಂದಿ ಕಾಯಲಿಕ್ಕೆ ಹಳೇ ಬ್ಯಾಟರಿ ಇರಲಿ. ಕಾಲ ಬುಡಕ್ಕೆ, ಎಲೆ ನೋಡಲಿಕ್ಕೆ ಬೆಚ್ಚನೆ ಬೆಳಕು ಬೇಕು.

ಹೊಸದೇ ಕೊಳ್ಳಬೇಕಂತಿಲ್ಲ. ಬಿಚ್ಚಲು ಬರುವ ಬ್ಯಾಟರಿ ಇದ್ದರೆ ಎಲ್‌ಇಡಿ ಒಂದನ್ನೇ ಬದಲಿಸಬಹುದು. ನಾನು ಹಂಗೇ ಮಾಡಿದೆ. ಮೊದಲು ಸೆಲ್ ಹೊರಗೆ ತೆಗೀರಿ. ಹಳೇ ಎಲ್‌ಇಡಿ 3 ವೋಲ್ಟಿನದೋ 6 ವೋಲ್ಟಿನದೋ ತಿಳಕೊಂಡು ಅಂಥಾದ್ದೇ ತರ್ರಿ. ಅದು ಕುಂತಿರುವ ಲೋಹದ ಬಿಲ್ಲೆಯ ಅಳತೆಯೂ (16 ಅಥವಾ 20 ಮಿ.ಮೀ.) ಹೊಂದಬೇಕು. ಪ್ಲಸ್, ಮೈನಸ್ ತಂತಿ ಗುರುತು ಹಾಕಿ ಬೆಸುಗೆ ಬಿಡಿಸ್ರಿ. ಹೊಸ ಬಿಲ್ಲೆ ಕೆಳಗೆ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಲೇಬೇಕು, ಇಲ್ಲಾಂದ್ರೆ ಬಿಸಿಗೆ ಎಲ್‌ಇಡಿ ಸುಡ್ತದ. ಹೊಳಪಿನ ಬಟ್ಟಲು ಬೆಸುಗೆಗೆ ತಾಗದಂತೆ ನಡುವಿನ ಪ್ಲಾಸ್ಟಿಕ್ ಬಳೆ ವಾಪಸ್ ಹಾಕ್ರಿ; ತಾಗಿದರೆ ಶಾರ್ಟ್ ಆಗ್ತದ. ಬೆಸುಗೆ ಬರದಿದ್ದರೆ ಮೊಬೈಲ್ ರಿಪೇರಿಯವರ ಹತ್ತಿರ ಮಾಡಿಸ್ರಿ.

ಮೊಬೈಲ್ ಅಂದಕೂಡಲೇ ನೆನಪಾತು. ಅದರ ಫ್ಲ್ಯಾಶ್ ಹಾಕಿ ರಾತ್ರಿ ತೆಗೆದ ಎಲೆಯ ಫೋಟೋ ನೋಡಿ ಔಷಧ ಕೇಳಬ್ಯಾಡ್ರಿ. ಬಣ್ಣ ತಪ್ಪಿದರೆ ಸಲಹೆಯೂ ತಪ್ಪಬಹುದು, ರೊಕ್ಕನೂ ಹೋಗ್ತದ. ಬೆಳಿಗ್ಗೆ ನೆರಳಿನಾಗ ತೆಗೆದು ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸ್ರಿ.

ಯಾವ ಬೆಳಕೂ ಹಾವನ್ನು ಓಡಿಸೂದಿಲ್ಲ. ಗಂಬೂಟು, ಕೋಲು ಬಿಡಬ್ಯಾಡ್ರಿ. ಹಾವು ಕಚ್ಚಿದರೆ ಕೊಯ್ಯೋದು, ಬಿಗಿದು ಕಟ್ಟೋದು ಬಿಟ್ಟು ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ.

ಇವತ್ತು ರಾತ್ರಿ ಒಂದು ಒಣ ಬ್ಯಾಡಗಿ ಮೆಣಸಿನಕಾಯಿ ಮೇಲೆ ನಿಮ್ಮ ಬ್ಯಾಟರಿ ಬಿಟ್ಟು ನೋಡ್ರಿ. ಹಗಲಿನಾಗ ಕಂಡ ಕೆಂಪು ಕಾಣಲಿಲ್ಲ ಅಂದರೆ, ಆ ಬೆಳಕು ನಂಬಿ ಬದುವಿನ ಮ್ಯಾಲೆ ಕಾಲಿಡಬ್ಯಾಡ್ರಿ.