ಜಪಾನಿಗೆ ಹೊರಡುವವರ ಔಷಧದ ಚೀಲ
ಅಮೆರಿಕದ ವಿಶ್ವವಿದ್ಯಾಲಯಗಳಿಂದ ಬೇಸಿಗೆ ವ್ಯಾಸಂಗಕ್ಕೆ ಜಪಾನಿಗೆ ಹೊರಡುವ ವಿದ್ಯಾರ್ಥಿಗಳ ಸಿದ್ಧತೆ ಔಷಧದ ಚೀಲದಿಂದಲೇ ಶುರುವಾಗಬೇಕು. ತಲೆಬಾಗಿ ವಂದಿಸುವುದು, ಚಾಪ್‌ಸ್ಟಿಕ್ ಹಿಡಿಯುವುದು ಇವನ್ನೆಲ್ಲ ಅಲ್ಲಿಗೆ ಹೋದ ಮೇಲೂ ಕಲಿಯಬಹುದು; ತಪ್ಪಿದರೆ ಆತಿಥೇಯರು ನಕ್ಕು ತಿದ್ದುತ್ತಾರೆ. ಕಸ್ಟಮ್ಸ್ ತಪಾಸಣೆಯಲ್ಲಿ ಆ ಸಲಿಗೆಯಿಲ್ಲ. ಎಡಿಎಚ್‌ಡಿ (ಗಮನ ಕೊರತೆಯ ಸಮಸ್ಯೆ) ಇರುವವರಿಗೆ ಅಮೆರಿಕದ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಅಡೆರಾಲ್ ಮಾತ್ರೆಯಲ್ಲಿ ಆಂಫೆಟಮಿನ್ ಇದೆ. ವೈದ್ಯರ ಚೀಟಿ ಕೈಯಲ್ಲಿದ್ದರೂ ಅದನ್ನು ಜಪಾನಿನೊಳಗೆ ಒಯ್ಯುವಂತಿಲ್ಲ, ಒಯ್ದರೆ ಬಂಧನವೂ ಆಗಬಹುದು. ಶೇ 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಯನ್ನೂ ಮುಂಚಿತ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ವೈದ್ಯರು ಬರೆದುಕೊಟ್ಟ ಉಳಿದ ಮಾತ್ರೆಗಳು ಒಂದು ತಿಂಗಳ ಅಳತೆ ಮೀರಿದರೆ ‘ಯುನ್ಯು ಕಕುನಿನ್‌ಶೋ’ ಎಂಬ ಆಮದು ದೃಢೀಕರಣ ಪತ್ರವನ್ನು ಹೊರಡುವ ಮೊದಲೇ ಪಡೆದಿರಬೇಕು. ಆರೆಂಟು ವಾರದ ಕೋರ್ಸಿಗೆ ಹೋಗುವ, ನಿತ್ಯ ಮಾತ್ರೆ ನುಂಗುವ ವಿದ್ಯಾರ್ಥಿಗೆ ಇದು ತಪ್ಪಿದ್ದಲ್ಲ. ಅಡೆರಾಲ್‌ನಂಥ ಮಾತ್ರೆಯನ್ನೇ ಬದಲಿಸಬೇಕಾಗಿ ಬಂದರೆ ಹೊಸದು ಮೈಗೆ ಒಗ್ಗಲು ವಾರಗಳೇ ಹಿಡಿಯುತ್ತವೆ. ಹಾಗಾಗಿ ವೈದ್ಯರ ಭೇಟಿ ಮಾರ್ಚ್, ಏಪ್ರಿಲ್‌ನಲ್ಲೇ ಮುಗಿದಿದ್ದರೆ ಕ್ಷೇಮ. ಬಟ್ಟೆಬರೆಯ ವಿಚಾರ ಅಷ್ಟು ಕಷ್ಟದ್ದಲ್ಲ: ಟೋಕಿಯೊದಲ್ಲಿ ಜೂನ್‌ನಿಂದ ಜುಲೈ ನಡುವಿನವರೆಗೆ ‘ತ್ಸುಯು’ ಮಳೆ, ಆಮೇಲೆ 35 ಡಿಗ್ರಿ ಮುಟ್ಟುವ ಸೆಖೆ; ಕೊಡೆ, ತೆಳು ಬಟ್ಟೆ, ಹೊಸ್ತಿಲಲ್ಲಿ ಥಟ್ಟನೆ ಕಳಚಬಹುದಾದ ಶೂ ಇದ್ದರೆ ಸಾಕು.